ಅಕ್ಕನಿಗೂ ಹೇಳದ ಸುದ್ದಿ

“ಗುರುಗಳೇ, ತನ್ನವರನ್ನು ಕಾಪಾಡಲಾರದವನು ಪರರನ್ನು ಕಾಪಾಡಬಲ್ಲನೇ?”

ಕೇಳಿದವನು ನಿರಂಜನ. ವಯಸ್ಸು ನಲವತ್ತು ದಾಟಿತ್ತು. ನೀರೆತ್ತುವ ಪಂಪು ತಯಾರಿಸುವ ಒಂದು ಕಂಪನಿ ಅವನನ್ನು ತನ್ನ ನಿರ್ದೇಶಕ ಮಂಡಳಿಗೆ ಕರೆದಿತ್ತು. ಆ ಸುದ್ದಿ ತಿಳಿದ ದಿನವೇ ಅವನ ತಮ್ಮ, “ಇನ್ನು ಆ ಕಂಪನಿಯ ಷೇರು ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಅನ್ನುವುದು ನಮ್ಮ ಮನೆಗೆ ಮೊದಲೇ ಗೊತ್ತಾಗುತ್ತದೆ” ಎಂದು ನಕ್ಕಿದ್ದ. ನಿರಂಜನ ಎರಡು ದಿನ ಯೋಚಿಸಿ ಗುರುಗಳ ಬಳಿಗೆ ಬಂದಿದ್ದ.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಅಂದಾನೆಪ್ಪ ಎಂಬ ಮಾಸ್ತರನಿದ್ದ. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಿದ್ದವನು. ಮದುವೆಯಾಗಿರಲಿಲ್ಲ. ತಾಯಿ ಸತ್ತಾಗ ಅವನಿಗೆ ಐದು ವರ್ಷ. ಅಕ್ಕ ಶಂಕ್ರವ್ವನಿಗೆ ಹನ್ನೆರಡು. ಅವಳು ಶಾಲೆ ಬಿಟ್ಟು ಮನೆಮನೆಗೆ ರೊಟ್ಟಿ ಬಡಿದುಕೊಟ್ಟು ತಮ್ಮನನ್ನು ಓದಿಸಿದಳು. ಮುಂದೆ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಅದೇ ಊರಿನಲ್ಲಿ ಬಾಡಿಗೆಯ ಜಾಗದಲ್ಲಿ ಒಂದು ಖಾನಾವಳಿ ಇಟ್ಟಳು. ಅಂದಾನೆಪ್ಪ ದಿನವೂ ಮಧ್ಯಾಹ್ನ ಅಲ್ಲಿಗೆ ಹೋಗಿ ಉಣ್ಣುತ್ತಿದ್ದ. ಗೋಡೆಗೆ ಹತ್ತಿದ ಮೊದಲ ಜಾಗ ಅವನದು. ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ.

ಆ ಊರಿಗೆ ಅನ್ನ ಕೊಡುತ್ತಿದ್ದದ್ದು ಕೆಂಪು ಕಲ್ಲಿನ ಗಣಿ. ಗಣಿ ಒಬ್ಬ ಯಜಮಾನನದಾಗಿತ್ತು. ಮುಂದೆ ಅವನು ಅದನ್ನು ಕಂಪನಿ ಮಾಡಿ, ಷೇರುಗಳನ್ನು ಪೇಟೆಗೆ ಬಿಟ್ಟ. ಊರಿನ ಜನ ಕೊಳ್ಳಲು ಹಿಂದೆಮುಂದೆ ನೋಡಿದರು. ಯಜಮಾನನ ಮಾತನ್ನು ಅವರು ಅಷ್ಟಾಗಿ ನಂಬುತ್ತಿರಲಿಲ್ಲ. ಆಗ ಯಜಮಾನ ಅಂದಾನೆಪ್ಪನ ಮನೆಗೆ ಬಂದ.

“ಮಾಸ್ತರರೇ, ನೀವು ನಮ್ಮ ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರಾಗಿ ಕೂರಬೇಕು. ನಮ್ಮ ತಪ್ಪು ಕಂಡರೆ ತಪ್ಪು ಅನ್ನಬೇಕು.”

ಅಂದಾನೆಪ್ಪ ಆ ಮಾತನ್ನು ಮಾತಿನಂತೆಯೇ ತೆಗೆದುಕೊಂಡ. ಒಪ್ಪಿದ. ಊರಿನವರು ಅವನ ಹೆಸರು ನೋಡಿ ಷೇರು ಕೊಂಡರು. ಶಂಕ್ರವ್ವ ಎಂಟುನೂರು ಷೇರು ಕೊಂಡಳು. ಅವಳ ಹತ್ತಿರ ಇದ್ದದ್ದೆಲ್ಲ ಅಷ್ಟೇ.

ಹದಿನೈದು ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ಕಲ್ಲು ಹಡಗು ಹತ್ತಿ ಹೋಯಿತು. ಷೇರಿನ ಬೆಲೆ ಏರಿತು. ಮಂಡಳಿಯ ಸಭೆಗಳಲ್ಲಿ ಅಂದಾನೆಪ್ಪ ಪ್ರಶ್ನೆ ಕೇಳುತ್ತಿದ್ದ, ಯಜಮಾನ ಉತ್ತರ ಹೇಳುತ್ತಿದ್ದ. ಅವನ ಮಾತಿಗೆ ಅಲ್ಲಿ ಬೆಲೆಯಿದೆ ಎಂದು ಊರು ತಿಳಿದಿತ್ತು. ಅವನೂ ಹಾಗೇ ತಿಳಿದಿದ್ದ.

ಅವನು ಕಾಲೇಜಿನಿಂದ ನಿವೃತ್ತನಾದ ವರ್ಷ, ದಸರೆ ಕಳೆದ ಮೇಲೆ, ಕಂಪನಿ ಗಣಿಯ ತಳದಲ್ಲಿ ಹದಿನೆಂಟು ಕಡೆ ಆಳಕ್ಕೆ ಕೊರೆಸಿ ಕಲ್ಲಿನ ಮಾದರಿ ತೆಗೆಸಿತು. ಸೋಮವಾರ ಮಂಡಳಿಯ ಸಭೆ. ವರದಿ ಮೇಜಿನ ಮೇಲಿತ್ತು. ಮಾದರಿಗಳು ಪಕ್ಕದ ಕೋಣೆಯಲ್ಲಿದ್ದವು. ಅಂದಾನೆಪ್ಪ ವರದಿ ಓದುವ ಮೊದಲು ಆ ಕೋಣೆಗೆ ಹೋದ. ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದ. ಮೂವತ್ತು ಅಡಿಯ ಕೆಳಗಿನ ಕಲ್ಲೆಲ್ಲ ಬಿರುಕು. ಹದಿನೆಂಟರಲ್ಲಿ ಹದಿನಾರು ಅವನ ಬೆರಳಿನ ಒತ್ತಡಕ್ಕೆ ತುಂಡಾದವು. ಚಪ್ಪಡಿ ಕೊಯ್ಯಬಹುದಾದ ಕಲ್ಲು ಇನ್ನು ಎಂಟು ತಿಂಗಳಿಗೆ ಆಗುವಷ್ಟು ಮಾತ್ರ ಉಳಿದಿತ್ತು.

ಅವನು ಹೊರಗೆ ಬಂದು ಹೇಳಿದ: “ಇದನ್ನು ಇವತ್ತೇ ಷೇರು ಪೇಟೆಗೆ ತಿಳಿಸಬೇಕು.”

ಯಜಮಾನ ಕೋಪ ಮಾಡಿಕೊಳ್ಳಲಿಲ್ಲ. “ಒಂದೇ ವರದಿ ನಂಬಿ ಜನರನ್ನು ಹೆದರಿಸುವುದು ಸರಿಯೇ? ಇನ್ನೊಂದು ವರದಿ ತರಿಸೋಣ. ತಿಂಗಳು ತಡೆಯೋಣ” ಎಂದ.

“ಕಲ್ಲು ತಿಂಗಳಲ್ಲಿ ಕೂಡುವುದಿಲ್ಲ.”

ಉಳಿದ ಐವರು ನಿರ್ದೇಶಕರು ಮೇಜು ನೋಡುತ್ತ ಕುಳಿತಿದ್ದರು. ಯಜಮಾನ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದ. ಐವರೂ ತಡೆಯೋಣ ಎಂದರು. ಅಂದಾನೆಪ್ಪ ತನ್ನ ವಿರೋಧವನ್ನು ಸಭೆಯ ನಡಾವಳಿಯಲ್ಲಿ ಬರೆಸಿದ. ಕಂಪನಿಯ ಕಾರ್ಯದರ್ಶಿ ಬರೆಯುವಾಗ ತಲೆಯೆತ್ತಲಿಲ್ಲ. ಹದಿನೈದು ವರ್ಷದಿಂದ ಅವರೆಲ್ಲ ಸಭೆ ಮುಗಿದ ಮೇಲೆ ಒಟ್ಟಿಗೆ ಚಹಾ ಕುಡಿಯುತ್ತಿದ್ದರು. ಆ ದಿನ ಚಹಾ ಬಂದಾಗ ಅಂದಾನೆಪ್ಪನ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾದವು. ಅವನು ಒಬ್ಬನೇ ಕುಡಿದು ಎದ್ದ.

ಆ ಸಂಜೆಯೇ ಅವನು ಷೇರು ಪೇಟೆಯನ್ನು ಕಾಯುವ ಸರ್ಕಾರಿ ಮಂಡಳಿಗೆ ಕಾಗದ ಬರೆದ. ನಡೆದದ್ದನ್ನು ನಡೆದಂತೆ ಬರೆದು ಕಳಿಸಿದ.

ನಿರಂಜನ, ಇಲ್ಲಿಯವರೆಗಿನದು ಕಷ್ಟವಲ್ಲ. ಕೆಟ್ಟದ್ದನ್ನು ಕೆಟ್ಟದ್ದು ಎನ್ನುವಾಗ ಎದೆ ಗಟ್ಟಿಯಾಗಿರುತ್ತದೆ. ಆದರೆ ಕಾನೂನಿನಲ್ಲಿ ಎರಡು ಮಾತುಗಳಿವೆ. ಇಂಥ ಸುದ್ದಿಯನ್ನು ತಡಮಾಡದೆ ಎಲ್ಲರಿಗೂ ಹೇಳಬೇಕು ಎಂಬುದು ಒಂದು. ಎಲ್ಲರಿಗೂ ತಿಳಿಯುವವರೆಗೆ ಒಬ್ಬರಿಗೂ ಹೇಳಬಾರದು ಎಂಬುದು ಇನ್ನೊಂದು. ಮೊದಲನೆಯದನ್ನು ಯಜಮಾನ ಮುರಿದಿದ್ದ. ಅಂದಾನೆಪ್ಪನ ಪಾಲಿಗೆ ಎರಡನೆಯದು ಉಳಿಯಿತು.

ಮಂಗಳವಾರ ಅವನು ಖಾನಾವಳಿಗೆ ಹೋಗಲಿಲ್ಲ. ಹೋದರೆ ಅಕ್ಕ ಅವನ ಮುಖ ನೋಡುತ್ತಾಳೆ. ಅವನು ಜ್ವರ ಮುಚ್ಚಿಟ್ಟು ಶಾಲೆಗೆ ಹೊರಟಾಗಲೂ ಕಂಡುಹಿಡಿದವಳು ಅವಳು. ಮನೆಯಲ್ಲೇ ಅನ್ನ ಮಾಡಿಕೊಂಡು ಉಂಡ. ಬುಧವಾರವೂ ಹೋಗಲಿಲ್ಲ. ಅಕ್ಕ ಬುತ್ತಿ ಕಟ್ಟಿ ಕಳಿಸಿದಳು. ಅವನು ಬುತ್ತಿ ಇಟ್ಟುಕೊಂಡು, ಹೊಟ್ಟೆ ಸರಿಯಿಲ್ಲ ಎಂದು ತಂದವನ ಕೈಯಲ್ಲಿ ಹೇಳಿ ಕಳಿಸಿದ. ಬುತ್ತಿ ತಂದವನು ಹೋದ ಮೇಲೆ ರೊಟ್ಟಿಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದ.

ಗುರುವಾರ ಅವಳೇ ಬಂದಳು.

ಖಾನಾವಳಿಯ ಜಾಗದ ಒಡೆಯ ಕಾರ್ತಿಕದೊಳಗೆ ಜಾಗ ಬಿಡಬೇಕೆಂದು ಹೇಳಿದ್ದ. ಅವಳು ಬಸ್ ನಿಲ್ದಾಣದ ಹಿಂದೆ ಒಂದು ನಿವೇಶನ ನೋಡಿದ್ದಳು. ಈಗ ಷೇರು ಮಾರಿದರೆ ನಿವೇಶನದ ಹಣ ಆಗುತ್ತಿತ್ತು. ಯುಗಾದಿಯವರೆಗೆ ತಡೆದರೆ ಬೆಲೆ ಇನ್ನೂ ಏರುತ್ತದೆ, ಗೋಡೆ ಎಬ್ಬಿಸುವಷ್ಟೂ ಸಿಗುತ್ತದೆ ಎಂದು ಖಾನಾವಳಿಗೆ ಬರುವವರು ಹೇಳಿದ್ದರು.

ಅವಳು ಹೊಸ್ತಿಲ ಒಳಗೆ ಕುಳಿತು ಕೇಳಿದಳು: “ಮಾರಲೇನೋ ತಮ್ಮಾ, ಇಟ್ಟುಕೊಳ್ಳಲೋ?”

ಅಂದಾನೆಪ್ಪ ಕಿಟಕಿಯ ಕಡೆ ತಿರುಗಿದ. “ಅದನ್ನು ನನ್ನ ಕೇಳಬೇಡ ಅಕ್ಕಾ.”

“ನಿನ್ನ ಬಿಟ್ಟು ಯಾರನ್ನು ಕೇಳಲಿ?”

“ಯಾರನ್ನಾದರೂ ಕೇಳು. ಆ ಕಂಪನಿಯ ಮಂಡಳಿಯಲ್ಲಿ ಕೂತವನು ಅದರ ಷೇರಿನ ಮಾತು ಆಡುವ ಹಾಗಿಲ್ಲ. ಮಾರು ಅನ್ನುವ ಹಾಗೂ ಇಲ್ಲ, ಇಟ್ಟುಕೋ ಅನ್ನುವ ಹಾಗೂ ಇಲ್ಲ.”

ಶಂಕ್ರವ್ವ ನಕ್ಕಳು. “ಆಯಿತು ಬಿಡು. ಕೆಟ್ಟದ್ದೇನಾದರೂ ಇದ್ದರೆ ನೀನು ಸುಮ್ಮನೆ ಇರುತ್ತಿದ್ದೆಯಾ?”

ಅವನು ತಿರುಗಲಿಲ್ಲ. ಅವಳು ಎದ್ದು, ಹೊಟ್ಟೆ ಸರಿಯಾಗುವವರೆಗೆ ಮಜ್ಜಿಗೆ ಅನ್ನ ಉಣ್ಣು ಎಂದು ಹೇಳಿ ಹೋದಳು. ಷೇರು ಮಾರಲಿಲ್ಲ.

ಆ ದಿನ ಸೂರ್ಯ ಇಳಿಯುವ ಹೊತ್ತಿಗೆ ಅಂದಾನೆಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟ. ಖಾನಾವಳಿಯ ಓಣಿಯ ಮೂಲೆಯವರೆಗೆ ಹೋದ. ಅಕ್ಕ ಹೊರಗೆ ಕುಳಿತು ಪಾತ್ರೆ ತೊಳೆಯುತ್ತಿದ್ದಳು. ಅವಳ ಬೆನ್ನು ಇವನ ಕಡೆಗಿತ್ತು. ಐವತ್ತು ಹೆಜ್ಜೆ ಇರಬಹುದು. ಅವನು ಅಲ್ಲಿ ನಿಂತ. ದಾರಿಯಲ್ಲಿ ಹೋಗುವವರು ಅವನನ್ನು ಮಾತಾಡಿಸಿದರು. ಅವನು ಅವರಿಗೆ ಏನೋ ಉತ್ತರ ಹೇಳಿದ. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋದ.

ಇಷ್ಟರಲ್ಲಿ ಉಳಿದವರು ಸುಮ್ಮನಿರಲಿಲ್ಲ. ಯಜಮಾನ ತನ್ನ ಭಾವಮೈದುನನಿಗೆ ಹೇಳಿದ್ದ. ಒಬ್ಬ ನಿರ್ದೇಶಕ ಅಳಿಯನಿಗೆ ಹೇಳಿದ್ದ. ಇನ್ನೊಬ್ಬ ತನ್ನ ಹಳೆಯ ಗೆಳೆಯನಿಗೆ ಹೇಳಿದ್ದ. ಅವರೆಲ್ಲ ಸದ್ದಿಲ್ಲದೆ ಮಾರುತ್ತಿದ್ದರು. ಎಲ್ಲೆಲ್ಲಿನವರೋ ಕೊಳ್ಳುತ್ತಿದ್ದರು. ಪೇಟೆಯಲ್ಲಿ ಮಾರುವವನಿಗೆ ಕೊಳ್ಳುವವನ ಮುಖ ಕಾಣುವುದಿಲ್ಲ.

ಶುಕ್ರವಾರ ಅಂದಾನೆಪ್ಪ ಮುಂಜಾನೆಯ ಬಸ್ ಹತ್ತಿ ಸರ್ಕಾರಿ ಮಂಡಳಿಯ ಕಚೇರಿ ಇರುವ ನಗರಕ್ಕೆ ಹೋದ. ಅಲ್ಲಿನ ಗುಮಾಸ್ತ ಹೇಳಿದ: “ಕಾಗದ ಬಂದಿದೆ. ಸರದಿಯ ಪ್ರಕಾರ ನೋಡುತ್ತಾರೆ.”

“ದಿನ ಹೋದಷ್ಟೂ ಯಾರೋ ಒಬ್ಬರು ಹಾಳಾಗುತ್ತಾರೆ.”

“ಅದನ್ನೂ ಬರೆದುಕೊಡಿ.”

ಅವನು ಅದನ್ನೂ ಬರೆದುಕೊಟ್ಟ. ಕಚೇರಿ ಮುಚ್ಚುವವರೆಗೆ ಬೆಂಚಿನ ಮೇಲೆ ಕುಳಿತ. ಶನಿವಾರ, ಭಾನುವಾರ ರಜೆ. ಊರಿಗೆ ಹೋಗಿ ಬರಬಹುದಿತ್ತು. ಹೋಗಲಿಲ್ಲ. ಊರಿನಲ್ಲಿ ಅಕ್ಕ ಇದ್ದಳು. ನಗರದಲ್ಲಿ ಅವನನ್ನು ಬಲ್ಲವರು ಯಾರೂ ಇರಲಿಲ್ಲ. ಎರಡು ದಿನ ಒಂದು ಧರ್ಮಶಾಲೆಯಲ್ಲಿ ಉಳಿದ. ಆ ಎರಡು ದಿನದಲ್ಲಿ ಅವನು ಆಡಿದ್ದು ಹೆಚ್ಚೆಂದರೆ ಹತ್ತು ಮಾತು. ಬೀಗದ ಕೈ ಕೊಡಿ ಎಂಬುದು ಒಂದು. ಕುಡಿಯುವ ನೀರು ಎಲ್ಲಿ ಎಂಬುದು ಇನ್ನೊಂದು.

ಸೋಮವಾರ ಮತ್ತೆ ಬೆಂಚಿನ ಮೇಲೆ ಕುಳಿತ. ಮಂಗಳವಾರ ಹಿರಿಯ ಅಧಿಕಾರಿಯೊಬ್ಬಳು ಒಳಗೆ ಬರುವಾಗ ಅವನನ್ನು ನೋಡಿದಳು. ಶುಕ್ರವಾರವೂ ನೋಡಿದ್ದಳು. ಕರೆಸಿ ಕೇಳಿದಳು. ಅವನು ಹೇಳಿದ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡಳು. ಆಮೇಲೆ, “ನಿಮ್ಮವರು ಯಾರಾದರೂ ಈ ಷೇರು ಇಟ್ಟುಕೊಂಡಿದ್ದಾರೆಯೇ?” ಎಂದಳು.

“ಅಕ್ಕ ಇಟ್ಟುಕೊಂಡಿದ್ದಾಳೆ.”

“ಅವರಿಗೆ ಗೊತ್ತೇ?”

“ಇಲ್ಲ.”

ಅವಳು ಅವನ ಮುಖ ನೋಡಿದಳು. ಕಡತ ಎತ್ತಿಕೊಂಡು ಮೇಲಿನ ಕೋಣೆಗೆ ಹೋದಳು.

ಸಭೆ ನಡೆದ ಹನ್ನೆರಡನೆಯ ದಿನ, ಶುಕ್ರವಾರ, ಬೆಳಿಗ್ಗೆ ಪೇಟೆ ತೆರೆಯುವ ಮೊದಲು ಕಂಪನಿ ವರದಿಯನ್ನು ಬಹಿರಂಗ ಮಾಡಬೇಕಾಯಿತು. ಸರ್ಕಾರಿ ಮಂಡಳಿಯ ಆದೇಶ ಹಾಗೆ ಇತ್ತು. ಮಧ್ಯಾಹ್ನದೊಳಗೆ ಷೇರು ಕೇಳುವವರಿಲ್ಲದಂತಾಯಿತು. ಮಾರಬೇಕೆಂದವರಿಗೂ ಮಾರಲಾಗಲಿಲ್ಲ. ವಾರದಲ್ಲಿ ನೂರು ರೂಪಾಯಿ ಬಾಳುತ್ತಿದ್ದದ್ದು ಆರು ರೂಪಾಯಿಗೆ ಬಂತು.

ವರದಿ ಹೊರಬಿದ್ದ ಶುಕ್ರವಾರವೇ ಅಂದಾನೆಪ್ಪ ಊರಿಗೆ ಮರಳಿ ಖಾನಾವಳಿಗೆ ಹೋದ. ತನ್ನ ಜಾಗದಲ್ಲಿ ಕುಳಿತ. ಉಣ್ಣುತ್ತಿದ್ದವರು ಮಾತು ನಿಲ್ಲಿಸಿದರು. ಶಂಕ್ರವ್ವ ತಟ್ಟೆ ಇಟ್ಟಳು, ರೊಟ್ಟಿ ಹಾಕಿದಳು, ಪಲ್ಯ ಬಡಿಸಿದಳು.

“ಯಾವತ್ತು ಗೊತ್ತಾಯಿತು ನಿನಗೆ?”

“ಹೋದ ವಾರ ಸೋಮವಾರ.”

“ನಾನು ಬಂದದ್ದು?”

“ಗುರುವಾರ.”

ಅವಳು ಒಳಗೆ ಹೋದಳು. ಅವನು ಉಂಡು ಮುಗಿಸುವವರೆಗೂ ಹೊರಗೆ ಬರಲಿಲ್ಲ. ಮರುದಿನ ಅವನು ಹೋದಾಗ ಆ ಜಾಗದಲ್ಲಿ ಬೇರೆ ಯಾರೋ ಕುಳಿತಿದ್ದರು. ಅವರನ್ನು ಏಳಿಸುವವರು ಇರಲಿಲ್ಲ.

ಊರಿನ ಸಿಟ್ಟು ಯಜಮಾನನ ಮೇಲೆ ಹರಿಯಲಿಲ್ಲ. ಅವನಿಂದ ಅವರು ಹೆಚ್ಚಿನದೇನನ್ನೂ ನಿರೀಕ್ಷಿಸಿರಲಿಲ್ಲ. ಮಾಸ್ತರನ ಹೆಸರು ನೋಡಿ ಕೊಂಡಿದ್ದರು. ಮಾಸ್ತರನಿಗೆ ಹನ್ನೆರಡು ದಿನ ಮೊದಲೇ ಗೊತ್ತಿತ್ತು. ಯಜಮಾನ ತನ್ನ ಭಾವಮೈದುನನನ್ನಾದರೂ ಉಳಿಸಿಕೊಂಡ, ಇವನು ತನ್ನನ್ನು ಸಾಕಿದ ಅಕ್ಕನಿಗೂ ಆಗಲಿಲ್ಲ ಎಂದು ಆಡಿಕೊಂಡರು. ಕ್ಷೌರದ ಅಂಗಡಿಯಲ್ಲಿ ಅವನು ಕುಳಿತರೆ ಪೇಪರ್ ಓದುತ್ತಿದ್ದವರು ಎದ್ದು ಹೋಗುತ್ತಿದ್ದರು. ಕಲಿಸಿದ ವಿದ್ಯಾರ್ಥಿಗಳು ಎದುರು ಬಂದರೆ ರಸ್ತೆ ದಾಟುತ್ತಿದ್ದರು. ಅವನು ಯಾರಿಗೂ ಏನನ್ನೂ ವಿವರಿಸಲು ಹೋಗಲಿಲ್ಲ.

ಕಾರ್ತಿಕ ಬಂತು. ಶಂಕ್ರವ್ವ ಜಾಗ ಬಿಟ್ಟಳು. ಆ ಎಂಟುನೂರು ಷೇರಿನಿಂದ ಈಗ ಒಂದು ಕೋಣೆಯ ಮುಂಗಡವೂ ಹುಟ್ಟುತ್ತಿರಲಿಲ್ಲ. ಐವತ್ತು ಮೈಲಿ ಆಚೆಯ ಊರಿನಲ್ಲಿ ಹೆಣ್ಣುಮಕ್ಕಳ ಒಂದು ಹಾಸ್ಟೆಲ್ಲಿಗೆ ಅಡುಗೆಯವಳಾಗಿ ಸೇರಿದಳು. ಹೋಗುವಾಗ ತಮ್ಮನಿಗೆ ಹೇಳಲಿಲ್ಲ. ಅರವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ಬೇರೆಯವರ ಒಲೆಯ ಮುಂದೆ ಕುಳಿತಳು.

ವಿಚಾರಣೆ ಮೂರು ವರ್ಷ ನಡೆಯಿತು. ಅಂದಾನೆಪ್ಪ ಸಾಕ್ಷಿ ಹೇಳಿದ. ಯಜಮಾನನ ವಕೀಲ ಎದ್ದು ನಿಂತ.

“ಇವರೂ ತಮ್ಮವರಿಗೆ ಹೇಳಿರಲೇಬೇಕು. ಮನೆಯಲ್ಲಿ ಸುದ್ದಿ ಮುಚ್ಚಿಟ್ಟವರು ಯಾರಿದ್ದಾರೆ? ಇವರ ಅಕ್ಕನ ಷೇರು ಏನಾಯಿತು, ತೆಗೆಸಿ ನೋಡಿ.”

ದಾಖಲೆ ತೆಗೆಸಿದರು. ಕೊಂಡದ್ದು ಎಂಟುನೂರು. ಮಾರಿದ್ದು ಒಂದೂ ಇಲ್ಲ. ಎಂಟುನೂರೂ ಅವಳ ಹೆಸರಿನಲ್ಲೇ ಕೊಳೆಯುತ್ತಿದ್ದವು. ವಿಚಾರಣೆ ನಡೆಸುತ್ತಿದ್ದವರು ಅದನ್ನು ಎರಡು ಸಲ ಓದಿದರು. ವಕೀಲ ಕುಳಿತುಕೊಂಡ. ಅಲ್ಲಿಂದಾಚೆ ಅಂದಾನೆಪ್ಪನ ಮಾತನ್ನು ಯಾರೂ ಅನುಮಾನಿಸಲಿಲ್ಲ. ಅಕ್ಕ ಕಳೆದುಕೊಂಡದ್ದೇ ಅವನ ಸತ್ಯಕ್ಕೆ ಸಾಕ್ಷಿಯಾಯಿತು. ಅವನು ಆ ಹೊತ್ತಿನಲ್ಲಿ ನೆಲ ನೋಡುತ್ತ ನಿಂತಿದ್ದ ಎಂದು ಕೇಳಿದ್ದೇನೆ.

ತೀರ್ಪು ಬಂತು. ಯಜಮಾನ ಮುಂದೆ ಯಾವ ಕಂಪನಿಯ ಮಂಡಳಿಯಲ್ಲೂ ಕೂರುವಂತಿಲ್ಲ ಎಂದಾಯಿತು. ಆ ಹನ್ನೆರಡು ದಿನದಲ್ಲಿ ಸುದ್ದಿ ತಿಳಿದು ಮಾರಿದವರೆಲ್ಲ ಹಣವನ್ನು ಬಡ್ಡಿಯೊಡನೆ ಕಕ್ಕಬೇಕಾಯಿತು. ಆ ಹಣ, ಅದೇ ದಿನಗಳಲ್ಲಿ ತಿಳಿಯದೆ ಕೊಂಡವರಿಗೆ ಹೋಯಿತು. ಅಂಥವರು ಇನ್ನೂರಕ್ಕೂ ಹೆಚ್ಚು ಜನ. ಎಲ್ಲೆಲ್ಲಿನವರೋ. ಅವರಲ್ಲಿ ಒಬ್ಬರೂ ಅಂದಾನೆಪ್ಪನಿಗೆ ಕಾಗದ ಬರೆಯಲಿಲ್ಲ. ಅವನ ಹೆಸರು ಅವರಿಗೆ ಗೊತ್ತಿರಲಿಲ್ಲ.

ಶಂಕ್ರವ್ವನಿಗೆ ಏನೂ ಬರಲಿಲ್ಲ. ಅವಳು ಆ ದಿನಗಳಲ್ಲಿ ಕೊಂಡಿರಲಿಲ್ಲ, ಮಾರಿರಲಿಲ್ಲ. ಸುಮ್ಮನೆ ಇಟ್ಟುಕೊಂಡಿದ್ದಳು. ಸುಮ್ಮನೆ ಇಟ್ಟುಕೊಂಡವರ ನಷ್ಟಕ್ಕೆ ಆ ತೀರ್ಪಿನಲ್ಲಿ ಪರಿಹಾರವಿರಲಿಲ್ಲ.

ಆ ವರ್ಷ ನಾಗರ ಪಂಚಮಿಯ ಹಿಂದಿನ ದಿನ ಅಂದಾನೆಪ್ಪ ಅಕ್ಕನನ್ನು ಕರೆಯಲು ಹಾಸ್ಟೆಲ್ಲಿಗೆ ಹೋದ. ಪಂಚಮಿಗೆ ಒಡಹುಟ್ಟಿದವಳನ್ನು ಮನೆಗೆ ಕರೆಯುವುದು ಆ ಕಡೆಯ ವಾಡಿಕೆ. ಅವಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಅವನನ್ನು ನೋಡಿ ಮಣೆ ತೋರಿಸಿದಳು. ಬಿಸಿ ರೊಟ್ಟಿ ಹಾಕಿದಳು. ಅವನು ತೀರ್ಪಿನ ಸುದ್ದಿ ಹೇಳಿದ.

ಆಮೇಲೆ ಅವಳು ಹೇಳಿದಳು: “ನೀನು ತಪ್ಪು ಮಾಡಿದೆ ಅನ್ನುವುದಿಲ್ಲ ತಮ್ಮಾ. ಒಂದು ಹೇಳು. ಆ ಗುರುವಾರ ನನ್ನ ಮುಖ ನೋಡಿದಾಗ ನಿನಗೆ ಏನೂ ಅನ್ನಿಸಲಿಲ್ಲವಾ?”

“ಅನ್ನಿಸುತ್ತದೆ ಅಂತಲೇ ನೋಡಲಿಲ್ಲ ಅಕ್ಕಾ.”

ಶಂಕ್ರವ್ವ ಮತ್ತೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದಳು. ಹುಡುಗಿಯರಿಗೆ ಊಟದ ಹೊತ್ತಾಯಿತು, ನಾನು ಬರಲಾಗುವುದಿಲ್ಲ ಎಂದಳು. ಅವನು ಬಸ್ ಹತ್ತಿ ಊರಿಗೆ ಬಂದ.

ಮರುವರ್ಷವೂ ಪಂಚಮಿಗೆ ಕರೆಯಲು ಹೋದ. ಅದರ ಮರುವರ್ಷವೂ. ಅವಳು ಬದುಕಿದ್ದ ಒಂಬತ್ತು ವರ್ಷವೂ ಹೋದ. ಪ್ರತಿ ಸಲ ಅವಳು ಬಿಸಿ ರೊಟ್ಟಿ ಹಾಕಿದಳು. ಒಂದು ಸಲವೂ ಬರಲಿಲ್ಲ. ಅವಳು ತೀರಿಕೊಂಡಾಗ ಹಾಸ್ಟೆಲ್ಲಿನವರು ಅವನಿಗೆ ಹೇಳಿ ಕಳಿಸಿದರು. ಅವನು ಹೋಗಿ ಮಣ್ಣು ಮಾಡಿ ಬಂದ. ಊರಿನಿಂದ ಅವನ ಜೊತೆ ಯಾರೂ ಹೋಗಲಿಲ್ಲ.

ಗುರುಗಳು ನಿಲ್ಲಿಸಿದರು.

ನಿರಂಜನನಿಗೆ ತಡೆದುಕೊಳ್ಳಲಾಗಲಿಲ್ಲ.

“ಇದು ನ್ಯಾಯವೇ ಗುರುಗಳೇ? ಮಾರು ಅಕ್ಕಾ ಎಂಬ ಒಂದು ಮಾತು ಸಾಕಿತ್ತು. ತಾಯಿಯ ಹಾಗೆ ಸಾಕಿದವಳು ಉಳಿಯುತ್ತಿದ್ದಳು. ಅವಳ ಎಂಟುನೂರು ಷೇರಿನಿಂದ ಯಾರಿಗೆ ಏನು ಕೇಡಾಗುತ್ತಿತ್ತು?”

ಗುರುಗಳು ಅವನ ಕಡೆ ತಿರುಗಿದರು.

“ಆ ಗುರುವಾರ ಅವಳು ಮಾರಿದ್ದರೆ, ಆ ಷೇರು ಕೊಳ್ಳುತ್ತಿದ್ದವಳು ಯಾರ ಅಕ್ಕ, ನಿರಂಜನ?”